ಕಿಣ್ವಶಬ್ದವೂ ಮದ್ಯಪರಿಹಾರದ ಗುಳಿಗೆಯೂ

ಮದ್ಯಪಾನಿಗಳಿಗೆಂದು ಕಿಣ್ವದ ಗುಳಿಗೆಗಳು ಈಚೆಗೆ ಮಾರಾಟಕ್ಕೆ ಬಂದಿವೆ. ಕುಡಿಯುವ ಮುನ್ನ ಇವನ್ನು ನುಂಗಿದರೆ ಮದ್ಯವು ಬೇಗನೆ ಕರಗಿ, ಮರುದಿನದ ತಲೆನೋವು, ಓಕರಿಕೆ, ದಾಹಗಳು ಬಾಧಿಸವೆಂದು ಮಾರುವವರು ಹೇಳುತ್ತಾರೆ. ಈ ಮಾತು ಎಷ್ಟರಮಟ್ಟಿಗೆ ಗ್ರಾಹ್ಯವೆಂಬುದನ್ನು ಶಬ್ದದಿಂದಲೇ ಆರಂಭಿಸಿ ವಿಚಾರಿಸುವುದು ಉಚಿತವಾಗಿದೆ.

ಕಿಣ್ವಶಬ್ದವು ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಕಿಣ್ವವೆಂದರೆ ಉದ್ದು, ಅಕ್ಕಿ, ಮೂಲಿಕೆಗಳನ್ನು ಕೂಡಿಸಿ ಮಾಡಿದ, ಮದ್ಯವನ್ನು ಹುದುಗಿಸುವ ದ್ರವ್ಯ. ಜರ್ಮನಿಯ ಕ್ಯೂನೆ ಎಂಬ ಪಂಡಿತನು 1877ರ ಸುಮಾರಿಗೆ ರೂಪಿಸಿದ ಎನ್‌ಜೈಮ್ ಎಂಬ ಶಬ್ದಕ್ಕೂ ಗ್ರೀಕಿನಲ್ಲಿ ಹುದುಗಿನೊಳಗಿರುವುದೆಂದೇ ಅರ್ಥ. ಹೀಗೆ ಮದ್ಯವನ್ನು ಹುಟ್ಟಿಸುವುದರ ಹೆಸರೇ ಅದನ್ನು ಅಳಿಸುವುದಕ್ಕೂ ಸಂದಿದೆ. ವಸ್ತುಸ್ಥಿತಿಯೂ ಹಾಗೆಯೇ ಇದೆ.

12ನೆಯ ಶತಮಾನದ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ಹೆಂಡದ ಮಾರಯ್ಯನೆಂಬ ಶರಣನು ಹೆಂಡ ಮಾರುವ ಕಾಯಕವನ್ನು ಕೈಕೊಂಡು, ಅದನ್ನೇ ರೂಪಕವಾಗಿಸಿ, ಧರ್ಮೇಶ್ವರಲಿಂಗವೆಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಬಸವಕಲ್ಯಾಣ, ಹುಮನಾಬಾದಗಳ ಸೀಮೆಯವರು ಸಿಂದಿಯೆಂದು ಕರೆಯುವ ಈಚಲ ಹೆಂಡದ ಗಡಿಗೆಯಲ್ಲಿ ನಡೆಯುವ ಕ್ರಿಯೆ ಎಂತಹುದು? ಮರದಿಂದಿಳಿಸಿದ ಸಿಹಿರಸದ ಸಕ್ಕರೆಯನ್ನು ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ಒಡೆದು ಅಸಿಟಾಲ್ಡಿಹೈಡ್ ಎಂಬ ಪದಾರ್ಥವನ್ನೂ, ಅದರಿಂದ ಮದ್ಯಸಾರವನ್ನೂ ಮಾಡುತ್ತವೆ. ಈ ಕಡೆಯ ಮೆಟ್ಟಿಲನ್ನು ನಡೆಯಿಸುವುದು ಆಲ್ಕೊಹಾಲ್ ಡಿಹೈಡ್ರಾಜಿನೇಸ್ ಎಂಬ ಕಿಣ್ವ. ನಮ್ಮ ಯಕೃತ್ತಿನಲ್ಲಿ ಅದೇ ಹೆಸರಿನ ಕಿಣ್ವವು ಅದೇ ಕ್ರಿಯೆಯನ್ನು ಹಿಮ್ಮುಖವಾಗಿ ನಡೆಯಿಸಿ ಮದ್ಯಸಾರವನ್ನು ಅಸಿಟಾಲ್ಡಿಹೈಡಿಗೆ ತಿರುಗಿಸುತ್ತದೆ; ಬಳಿಕ ಇನ್ನೊಂದು ಕಿಣ್ವವು ಅದನ್ನು ಅಸಿಟಿಕ್ ಆಮ್ಲದ ರೂಪಕ್ಕೆ ತರುತ್ತದೆ. ಹಳತಾದ ಹೆಂಡವು ಬ್ಯಾಕ್ಟೀರಿಯಗಳಿಂದ ಹುಳಿಯಾಗುವುದೂ ಇದೇ ಕ್ರಮದಲ್ಲಿ.

ಹಾಗಾದರೆ ಕಿಣ್ವವನ್ನು ನುಂಗಿದರೆ ಸಾಲದೇ? ಇದಕ್ಕೆ ಮೂರು ಆಕ್ಷೇಪಗಳಿವೆ. ಮೊದಲನೆಯದಾಗಿ, ಕಿಣ್ವವು ಪ್ರೋಟೀನು. ಸಾಮಾನ್ಯವಾಗಿ ಅದು ಉಂಡ ಬೇಳೆಯ ಪ್ರೋಟೀನಿನಂತೆಯೇ ಹೊಟ್ಟೆಯಲ್ಲಿ ಜೀರ್ಣವಾಗುವುದಲ್ಲದೆ ಯಕೃತ್ತಿಗೆ ಕಿಣ್ವವಾಗಿಯೇ ತಲಪದು. ಎರಡನೆಯದಾಗಿ, ಮೊದಲ ಮೆಟ್ಟಿಲೊಂದನ್ನೇ ತ್ವರೆಗೊಳಿಸಿದರೆ ಮದ್ಯಸಾರಕ್ಕಿಂತಲೂ ವಿಷಕರವಾದ ಅಸಿಟಾಲ್ಡಿಹೈಡು ಕೂಡಿಬೀಳುವ ಭಯವಿದೆ. ಮೂರನೆಯದಾಗಿ, ಮರುದಿನದ ಬಾಧೆಯು ಬಲವಾಗುವುದು ರಕ್ತದಲ್ಲಿ ಮದ್ಯವು ಬಹುಮಟ್ಟಿಗೆ ತೀರಿದ ಮೇಲೆ. ಆಗ ನುಂಗಿದ ಕಿಣ್ವಕ್ಕೆ ಕೆಲಸವೇ ಉಳಿದಿರುವುದಿಲ್ಲ. ನಿದ್ರಾಭಂಗ, ನಿರ್ಜಲತೆ, ಜಠರದ ಉರಿಗಳೂ ಆ ಬಾಧೆಗೆ ಕಾರಣಗಳಾಗಿವೆ.

ಇಂತಹ ಪರಿಹಾರಗಳನ್ನು ಕುರಿತ 21 ಪರೀಕ್ಷೆಗಳನ್ನು 2022ರಲ್ಲಿ ಒಟ್ಟಾಗಿ ವಿಮರ್ಶಿಸಿದವರು, ನೆಚ್ಚತಕ್ಕ ಪ್ರಮಾಣ ಯಾವುದಕ್ಕೂ ಇಲ್ಲವೆಂದು ಕಂಡರು. 2024ರಲ್ಲಿ ಜೂರಿಕ್ ನಗರದ ವಿಜ್ಞಾನಿಗಳು ಹಾಲೊಡಕಿನ ಪ್ರೋಟೀನು, ಕಬ್ಬಿಣಗಳಿಂದ ಲೋಳೆಯೊಂದನ್ನು ಸಿದ್ಧಪಡಿಸಿ, ಅದು ಇಲಿಗಳ ಕರುಳಿನಲ್ಲಿಯೇ ಮದ್ಯವನ್ನು ಬಹುಪಾಲು ಅಸಿಟಿಕ್ ಆಮ್ಲವಾಗಿಸುವುದೆಂದು ತೋರಿಸಿದರು. ಇದು ಮೇಲಿನ ಮೊದಲೆರಡು ಆಕ್ಷೇಪಗಳಿಗೆ ಉತ್ತರವಾಗಬಲ್ಲ ಮಾರ್ಗ. ಆದರೆ ರಕ್ತಕ್ಕೆ ಸೇರಿಹೋದ ಮದ್ಯದ ಮೇಲೆ ಇದಕ್ಕೂ ಅಧಿಕಾರವಿಲ್ಲ. ಗುಳಿಗೆಯನ್ನು ನಂಬಿ ಒಂದು ಲೋಟ ಹೆಚ್ಚಾಗಿ ಕುಡಿದವನ ಭಾರವನ್ನು ಅವನ ಯಕೃತ್ತೇ ಹೊರಬೇಕು.