ನೋಡುವವರು, ನೋಡಿಸಿಕೊಳ್ಳುವವರು

ವೀಕ್ಷಕರೇ, ಶಾಲೆಯಲ್ಲಿ ಕಲಿತ ಕರ್ತೃ, ಕರ್ಮ ನೆನಪಿದೆಯಾ? ಮಾಡುವವನು ಕರ್ತೃ, ಮಾಡಿಸಿಕೊಳ್ಳುವುದು ಕರ್ಮ. ವ್ಯಾಕರಣದಲ್ಲಿ ಅದು ಬರೀ ಹೆಸರು. ಬದುಕಿನಲ್ಲಿ ಅದೇ ಅಧಿಕಾರ.

ಸೊರಬ ತಾಲ್ಲೂಕಿನ ಚಂದ್ರಗುತ್ತಿಯನ್ನೇ ತಗೊಳ್ಳಿ. ಆಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿಯೂ ಅದೇ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ರೇಣುಕಾಂಬೆಗೆ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಗುಡ್ಡ ಹತ್ತುತ್ತಿದ್ದರು. ಹೆಚ್ಚಿನವರು ಬಡವರು, ದಲಿತರು. ಅವರಿಗದು ಭಕ್ತಿ, ನೋಡಲೆಂದೇ ಬಂದವರಿಗೆ ತಮಾಷೆ. ಬಟ್ಟೆ ತೊಟ್ಟವನು ಕರ್ತೃ, ಬೆತ್ತಲಾದವಳು ಕರ್ಮ. 1986ರ ಮಾರ್ಚ್‌ನಲ್ಲಿ ತಡೆಯಲು ಹೋದವರ ಮೇಲೆ ಹಲ್ಲೆಯಾಯಿತು, ಪೊಲೀಸರನ್ನೂ ಬೆತ್ತಲೆ ಮಾಡಿದರು. ಆಮೇಲೆ ಸರ್ಕಾರ ಬೆತ್ತಲೆ ಸೇವೆ ನಿಷೇಧಿಸಿತು.

ಈಗ ಗುಡ್ಡಕ್ಕೆ ಹೋಗಬೇಕಿಲ್ಲ. ಜಗಳೂರಿನಲ್ಲಿ ಕೂತವರ ಮೊಬೈಲಿಗೂ ಯಾರದೋ ಮನೆ ಹೆಣ್ಣುಮಗಳ ವಿಡಿಯೊ ಬಂದು ಬೀಳುತ್ತೆ. ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಏನು ಹೇಳುತ್ತೆ ಗೊತ್ತಾ? ಹೆಣ್ಣಿನ ಖಾಸಗಿ ಕ್ಷಣವನ್ನ ಕದ್ದು ನೋಡೋದು, ಸೆರೆ ಹಿಡಿಯೋದು, ಹಂಚೋದು ಅಪರಾಧ. ಮೊದಲ ಸಲಕ್ಕೇ 1ರಿಂದ 3 ವರ್ಷ ಜೈಲು. ಆಕೆ ತೆಗೆಯಲು ಒಪ್ಪಿ, ಹಂಚಲು ಒಪ್ಪದಿದ್ದರೆ? ಆಗಲೂ ಹಂಚಿದ್ದು ಅಪರಾಧವೇ.

ಅಂದ್ರೆ, ಒಪ್ಪೋದು ಬಿಡೋದು ಆಕೆಗೆ ಸೇರಿದ್ದು. ಅಲ್ಲಿ ಆಕೆಯೇ ಕರ್ತೃ. ಕ್ಯಾಮೆರಾ ನಮ್ಮ ಕೈಲಿದೆ, ಫಾರ್ವರ್ಡ್ ಬಟನ್ ನಿಮ್ಮ ಕೈಲಿದೆ. ಒತ್ತೋ ಮೊದಲು ಆಕೆಯನ್ನ ಕೇಳಿದ್ದೀವಾ?