ಊರು ಮುಳುಗಿದವರ ಲೆಕ್ಕ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಪುಣೆಗೆ ಬಂದವರು ನಾವು. ಆದರೂ ಹಬ್ಬಕ್ಕೋ ಜಾತ್ರೆಗೋ ಹಿಂದಿರುಗಲು ನಮಗೊಂದು ಊರಿದೆ. ಊರೇ ಇಲ್ಲವಾದವರ ಪಾಡೇನು? ಈ ಪ್ರಶ್ನೆಯನ್ನು ವಿದ್ಯೆಯ ವಿಷಯವಾಗಿ ಕೈಗೆತ್ತಿಕೊಂಡ ವಿದುಷಿಯೊಬ್ಬರು ಇದೇ ಪುಣೆಯಲ್ಲಿದ್ದರು. ಅವರೇ ಡಾ. ಇರಾವತಿ ಕರ್ವೆ.

ಇರಾವತಿಬಾಯಿಯವರು 1905ರಲ್ಲಿ ಬರ್ಮಾ ದೇಶದಲ್ಲಿ ಹುಟ್ಟಿದರು. ತಂದೆ ಅಲ್ಲಿಯ ಹತ್ತಿ ಕಂಪನಿಯಲ್ಲಿ ನೌಕರರು; ಆ ನಾಡಿನ ದೊಡ್ಡ ನದಿಯ ಹೆಸರನ್ನೇ ಮಗಳಿಗಿಟ್ಟರು. ಓದಿಗಾಗಿ ಬಾಲ್ಯದಲ್ಲೇ ಪುಣೆಗೆ ಬಂದ ಅವರು ಮುಂದೆ ಬರ್ಲಿನ್ನಿನಲ್ಲಿ ಡಾಕ್ಟರೇಟ್ ಪಡೆದು, 1939ರಿಂದ ಇಲ್ಲಿಯ ಡೆಕ್ಕನ್ ಕಾಲೇಜಿನಲ್ಲಿ ಕೆಲಸ ಮಾಡಿದರು. ಗ್ರಂಥಗಳನ್ನಷ್ಟೇ ನೆಚ್ಚದೆ, ಊರೂರು ತಿರುಗಿ ಜನರನ್ನು ಕೇಳಿ ಬರೆದುಕೊಳ್ಳುವುದು ಅವರ ಪದ್ಧತಿಯಾಗಿತ್ತು.

ಸಾತಾರಾ ಜಿಲ್ಲೆಯಲ್ಲಿ ಕೊಯ್ನಾ ನದಿಗೆ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಲಾಯಿತು. 1960ರ ದಶಕದಲ್ಲಿ ನೀರು ನಿಂತು ಹಳ್ಳಿಗಳು ಮುಳುಗಿದವು. ಹಾಗೆ ನೆಲೆ ತಪ್ಪಿದವರ ಸಮೀಕ್ಷೆಯನ್ನು ಇರಾವತಿಬಾಯಿಯವರು ಮಗಳು ಜಾಯಿ ನಿಂಬಕರರೊಡನೆ ನಡೆಸಿದರು. ಡೆಕ್ಕನ್ ಕಾಲೇಜು ಅದನ್ನು 1969ರಲ್ಲಿ ಪ್ರಕಟಿಸಿತು. ಮರುವರ್ಷವೇ ಅವರು ತೀರಿಕೊಂಡರು.

ಇಂಥ ಸಮೀಕ್ಷೆಯಿಂದೇನು ಪ್ರಯೋಜನವೆಂದು ಕೆಲವರು ಕೇಳಬಹುದು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವನಿಗೆ ಪಗಾರ ಸಿಗದೆಂಬುದು ಗಿರಣಿಯವರಾದ ನಮಗೆಲ್ಲ ಗೊತ್ತು. ಅಂದಿನ 1894ರ ಭೂಸ್ವಾಧೀನ ಕಾಯಿದೆ ಜಮೀನಿಗೆ ಬೆಲೆ ಕಟ್ಟುತ್ತಿತ್ತು. ಎದ್ದುಹೋಗುವ ಸಂಸಾರಕ್ಕೆ ಹೊಸ ನೆಲೆ ಕೊಡಬೇಕೆಂದು ಅದರಲ್ಲಿರಲಿಲ್ಲ. ಹೊಲವಿದ್ದವನ ಹೆಸರು ಉತಾರದಲ್ಲಿರುತ್ತದೆ. ಆ ಹೊಲದಲ್ಲಿ ಕೂಲಿ ಮಾಡಿದವನ ಹೆಸರು ಇರುವುದಿಲ್ಲ. ಕಟ್ಟಿಗೆ, ಮೇವು, ನೆರೆಹೊರೆ, ಬೀಗತನ ಇವುಗಳ ನಷ್ಟ ಮನೆಮನೆಗೆ ಹೋಗಿ ಕೇಳಿದರೆ ಮಾತ್ರ ತಿಳಿಯುವುದು. ಕೊನೆಗೆ 2013ರ ಹೊಸ ಕಾಯಿದೆಯು ಪುನರ್ವಸತಿಯನ್ನು ಸೇರಿಸಿತು. ಜಮೀನಿಲ್ಲದಿದ್ದರೂ ಅದರಿಂದ ಹೊಟ್ಟೆ ಹೊರೆಯುತ್ತಿದ್ದವರನ್ನು ಬಾಧಿತ ಕುಟುಂಬವೆಂದು ಎಣಿಸಿತು. ಅಷ್ಟರಲ್ಲಿ ಎಷ್ಟೋ ಊರುಗಳು ಮುಳುಗಿಹೋಗಿದ್ದವು.

ಈ ಮಾತು ನಮಗೆ ದೂರದ್ದಲ್ಲ. ಕೊಯ್ನೆಯು ಕರಾಡದಲ್ಲಿ ಕೂಡುವ ಕೃಷ್ಣೆಯೇ ನಮ್ಮ ನಾಡಿಗೆ ಹರಿದುಬರುತ್ತಾಳೆ. ಆಕೆಗೆ ಆಲಮಟ್ಟಿಯಲ್ಲಿ ಅಣೆಕಟ್ಟಾಗಿ ಹಳೆಯ ಬಾಗಲಕೋಟೆಯ ಭಾಗ ಹಿನ್ನೀರಿಗೆ ಹೋಯಿತು. ಜನರಿಗಾಗಿ ನವನಗರ ಕಟ್ಟಬೇಕಾಯಿತು.

ಆದ್ದರಿಂದ ವಾಚಕ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ಕಾಲೇಜಿನ ವಿದ್ಯಾರ್ಥಿಗಳೋ ಜನಗಣತಿಯವರೋ ನಮ್ಮ ಚಾಳಿಗೆ ಬಂದು, ಎಲ್ಲಿಂದ ಬಂದಿರಿ, ಏಕೆ ಬಂದಿರಿ, ಯಾರು ಕರೆತಂದರು ಎಂದು ಕೇಳಿದಾಗ, ಗುರುತಿನ ಚೀಟಿ ನೋಡಿಕೊಂಡು, ಇದ್ದುದನ್ನು ಇದ್ದಂತೆ ಹೇಳೋಣ. ಬರೆಯಬಾರದವರು ಮನೆಯಲ್ಲಿದ್ದರೆ ಓದಬಲ್ಲ ನೆರೆಯವರು ಜೊತೆಗೆ ನಿಲ್ಲೋಣ. ಲೆಕ್ಕಕ್ಕೆ ಬಾರದವರ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.