ಕೋಟೆ ಪಕ್ಕದಲ್ಲೇ ಇದ್ದು ಇತಿಹಾಸದಲ್ಲಿ ಫೇಲೇ?

ಬೆಳಗೊಳ: ಬೆಳಿಗ್ಗೆ ಕಾಲೇಜಿಗೆ ಹೊರಟ ಪಿಯುಸಿ ಹುಡುಗರ ಕೈಲಿ ಇರುವುದು ಗೈಡು. ಪಠ್ಯಪುಸ್ತಕ ಮನೆಯಲ್ಲಿ, ಮಡಿಕೆ ಮುರಿಯದೆ ಭದ್ರವಾಗಿರುತ್ತೆ. "ಆರ್ಟ್ಸ್ ತಾನೇ, ಹಿಸ್ಟರಿ ಅಂದ್ರೆ ಕತೆ, ಪಾಸಾಗ್ತಾನೆ ಬಿಡಿ" ಅನ್ನುವುದು ಅಂಗಡಿ ಜಗುಲಿಯ ಮಾತು. ರಿಸಲ್ಟ್ ಬಂದ ದಿನ ಅದೇ ಜಗುಲಿಯಲ್ಲಿ ಮಾತೇ ಇಲ್ಲ.

ಸ್ವಾಮಿ, ದ್ವಿತೀಯ ಪಿಯುಸಿ ಇತಿಹಾಸ ಕತೆಯಲ್ಲ, ಲೆಕ್ಕ. 2023-24ರಿಂದ ಬರವಣಿಗೆಗೆ 80 ಅಂಕ, ಕಾಲೇಜಿನ ಆಂತರಿಕ ಮೌಲ್ಯಮಾಪನಕ್ಕೆ 20. ಒಂದಂಕದ ಪ್ರಶ್ನೆಗೆ ಒಂದು ವಾಕ್ಯ ಸಾಕು. ಅಲ್ಲೇ ಅರ್ಧ ಪುಟ ಕೊರೆದವನಿಗೆ ಹತ್ತಂಕದ ಪ್ರಶ್ನೆ ಹೊತ್ತಿಗೆ ಗಂಟೆ ಹೊಡೆದಿರುತ್ತೆ. ಭೂಪಟ ಇದೆಯಲ್ಲ, ಅದು ಕೈಗೆ ಬಂದ ಅಂಕ. ಊರು ಗುರುತಿಸಿ ಎರಡು ಮಾತು ಬರೆದರಾಯ್ತು. ಅದನ್ನೂ ಬಿಟ್ಟು ಬರುವ ಪುಣ್ಯಾತ್ಮರಿದ್ದಾರೆ!

ದೊಡ್ಡ ಪ್ರಶ್ನೆಯಲ್ಲಿ ಎಡವುವುದು ಹೀಗೆ: 1792ರ ಶ್ರೀರಂಗಪಟ್ಟಣ ಒಪ್ಪಂದ ಕೇಳಿದರೆ "ಟಿಪ್ಪು ಸೋತ, ಸಹಿ ಹಾಕಿದ" ಎಂದು ಮುಗಿಸುತ್ತಾರೆ. ಎದುರಿಗೆ ಕಾರ್ನ್‌ವಾಲಿಸ್, ಅವನ ಜೊತೆ ನಿಜಾಮ, ಮರಾಠರು. ಹೋದದ್ದು ಅರ್ಧ ರಾಜ್ಯ. ಕೊಡಬೇಕಾದದ್ದು 3 ಕೋಟಿ 30 ಲಕ್ಷ. ಒತ್ತೆಯಾಗಿ ಇಬ್ಬರು ಮಕ್ಕಳು. ಇಷ್ಟು ಬರೆದರೆ ಅಂಕ ತಾನಾಗೇ ಬೀಳುತ್ತೆ. ಇಷ್ಟು ಕಳಕೊಂಡ ಮೇಲೆ 1799ರ ಮೇ 4 ಏಕೆ ಬಂತು ಎಂಬುದೂ ತಿಳಿಯುತ್ತೆ. ಇಸವಿ ಬಾಯಿಪಾಠ ಮಾಡಿದವನಿಗೆ ಮರೆಯುತ್ತೆ, ಕಾರಣ ಹಿಡಿದವನಿಗೆ ಮರೆಯುವುದಿಲ್ಲ.

ತಮಾಷೆ ಏನೆಂದರೆ, ದೂರದ ಊರಿನ ಮಕ್ಕಳು ಟೂರ್ ಬಸ್ಸು ಮಾಡಿಕೊಂಡು ಬಂದು ನೋಡುವುದನ್ನು ನಮ್ಮ ಹುಡುಗರು ಕಿಟಕಿಯಿಂದಲೂ ನೋಡುವುದಿಲ್ಲ. 1784ರ ದರಿಯಾ ದೌಲತ್ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧವೇ ಇದೆ. ಆವತ್ತು ಸೋತು ಸೆರೆಸಿಕ್ಕ ಬೈಲಿಯ ಹೆಸರಿನ ಬಂದೀಖಾನೆ ಕೋಟೆಯೊಳಗಿದೆ. ಎರಡನೇ ಮೈಸೂರು ಯುದ್ಧಕ್ಕೆ ಇದಕ್ಕಿಂತ ನೋಟ್ಸ್ ಬೇಕೇ? ಇತ್ತ 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಮಗ್ಗುಲಲ್ಲೇ. ನಾಲ್ವಡಿಯವರು, ವಿಶ್ವೇಶ್ವರಯ್ಯನವರು ಸಿಲಬಸ್ಸಿನಲ್ಲೂ ಇದ್ದಾರೆ, ನಮ್ಮ ನಾಲೆ ನೀರಿನಲ್ಲೂ ಇದ್ದಾರೆ.

ಅಪ್ಪಂದಿರು ಮಾಡಬಹುದಾದ ಕೆಲಸ ಒಂದಿದೆ. ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಮಗನನ್ನೋ ಮಗಳನ್ನೋ ಕೂರಿಸಿ, ಹಳೇ ಪ್ರಶ್ನೆಪತ್ರಿಕೆ ಮುಂದಿಟ್ಟು, ಗಡಿಯಾರ ನೋಡಿ ಒಂದು ಉತ್ತರ ಬರೆಸುವುದು. ಓದಿದ್ದೀನಿ ಅಂದರೆ ಒಪ್ಪಬೇಡಿ, ಬರೆದದ್ದು ತೋರಿಸು ಅನ್ನಿ. ತಮಗೆ ಇತಿಹಾಸ ಬರಬೇಕೆಂದೇನೂ ಇಲ್ಲ. ಹಾಳೆ ಅರ್ಧ ಖಾಲಿ ಇದೆಯೋ ಇಲ್ಲವೋ ಎಂಬುದು ವ್ಯಾಪಾರಿ ಕಣ್ಣಿಗೆ ಕಾಣದೇ ಇರುತ್ತದೆಯೇ!